ಕಲ್ಲು ಮಗುಚಿದ್ದು ಯಾರು

ಮಾರ್ಚ್ 3, ಸೋಮವಾರ

ಇವತ್ತು ನಾಲ್ಕು ಅಚ್ಚು. ಮೂರು ಚೆನ್ನಾಗಿ ಬಂದವು. ನಾಲ್ಕನೆಯದು ಗಾಳಿಗೆ ಎದ್ದು ಹರಿಯಿತು. ಮತ್ತೆ ಕಾಗದ ನೆನೆಸು, ಶಾಸನದ ಮೇಲೆ ಹರಡು, ಬ್ರಷ್ಷಿನಿಂದ ಬಡಿ, ಪೂರ್ತಿ ಒಣಗುವ ಮೊದಲು ಮಸಿ ಒತ್ತು. ಅಕ್ಷರ ಬೆಳ್ಳಗೆ, ಉಳಿದದ್ದೆಲ್ಲ ಕಪ್ಪು. ಇಪ್ಪತ್ತೆಂಟು ವರ್ಷದಿಂದ ಇದೇ ಬಡಿತ. ಬಲಗೈ ಹೆಬ್ಬೆರಳು ಈಗ ಪೂರ್ತಿ ಮಡಚುವುದಿಲ್ಲ.

ಇಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ ಗೋಪುರ, ಗಂಟೆ, ದಾರಿ ಕೇಳುವ ಯಾತ್ರಿಕರು. ಮೂರು ಆಳು ಅಗಲದ ಓಣಿಯಲ್ಲಿ ಹಸು, ಸ್ಕೂಟರು, ಹೆಣ, ಫೋಟೊ ತೆಗೆಯುವವರು, ಎಲ್ಲ ಒಟ್ಟಿಗೆ. ಅವ್ವನಿಗೆ ಯಾರೋ ಹೇಳಿದ್ದರು, ಈ ಊರ ಹೊಳೆಯಲ್ಲಿ ಒಂದು ಸಲ ಮುಳುಗಿದರೆ ಪಾಪವೆಲ್ಲ ಹೋಗುತ್ತೆ ಅಂತ. ತಲೆ ಮೇಲಿನ ಜಲ್ಲಿ ಬುಟ್ಟಿ ಇಳಿಸಿ ಅವ್ವ ಕೇಳಿದ್ದಳು, "ಪಾಪ ಮಾಡೋಕೆ ನಮಗೆಲ್ಲಿ ಪುರುಸೊತ್ತು?"

ನಾನು ಕೆಲಸ ಮಾಡುತ್ತಿದ್ದ ಗೋಡೆ ಪಕ್ಕ ಗೈಡ್ ಒಬ್ಬ ಯಾತ್ರಿಕರಿಗೆ ಹೇಳುತ್ತಿದ್ದ: ಹೊಳೆಯ ನೂರಾ ಎಂಟು ಮೆಟ್ಟಿಲನ್ನು ದೇವಶಿಲ್ಪಿ ಒಂದೇ ರಾತ್ರಿಯಲ್ಲಿ ಕಟ್ಟಿದನಂತೆ. ಬಾಯಿ ಸುಮ್ಮನಿರಲಿಲ್ಲ. "ಬೆಳಿಗ್ಗೆ ಅವನ ಸೊಂಟ ಹೇಗಿತ್ತಂತೆ?" ಅಂದೆ. ಯಾತ್ರಿಕರು ನಕ್ಕರು. ಗೈಡ್ ದುರುಗುಟ್ಟಿದ.

ನಮ್ಮ ಪುರಾತತ್ವ ಇಲಾಖೆಯಿಂದ ಹಳೇ ಪಟ್ಟಣದ ಶಾಸನಗಳ ಸರ್ವೆ. ಹೊಳೆದಂಡೆಯನ್ನು 'ಪಾರಂಪರಿಕ ತಾಣ' ಮಾಡುತ್ತಾರಂತೆ. ಮುಖ್ಯ ಸಲಹೆಗಾರರು ನಮ್ಮ ಮೇಷ್ಟ್ರೇ. ಶುಕ್ರವಾರ ಬರುತ್ತಾರೆ. ಅವರು ಇದ್ದಾರೆ ಅಂತಲೇ ನಾನು ಬಂದದ್ದು. ಇಲ್ಲದಿದ್ದರೆ ಈ ದೇವರ ಊರಲ್ಲಿ ನನಗೇನು ಕೆಲಸ.

ಮಾರ್ಚ್ 4, ಮಂಗಳವಾರ

ಕೆಳಗಿನ ಮೆಟ್ಟಿಲುಗಳಿಗೆ ಇಳಿದೆ. ಬೇಸಿಗೆ, ನೀರು ತಗ್ಗಿದೆ. ಮೇಲುಗಡೆ ಮೀಯುವವರು, ಕೆಳಗಡೆ ಬಟ್ಟೆ ಒಗೆಯುವವರು. ಲಾಡ್ಜುಗಳ ಬೆಡ್‌ಶೀಟೆಲ್ಲ ಇಲ್ಲಿಗೇ ಬರುತ್ತವೆ. ನೂರಾರು ಬಿಳಿ ಬಟ್ಟೆ. ದೂರದಿಂದ ನೋಡಿದರೆ ಹೊಳೆಯೇ ದಡಕ್ಕೆ ಎದ್ದು ಬಂದ ಹಾಗೆ.

ಮೆಟ್ಟಿಲಿಗೆ ಚಾಕ್‌ನಲ್ಲಿ ನಂಬರ್ ಹಾಕಲು ಬಗ್ಗಿದೆ. ಮೇಲಿಂದ ಒಂದು ಕೂಗು ಬಿತ್ತು. ಕಿವಿ ಗುಂಯ್ ಅಂತು.

"ಏಯ್! ಚಪ್ಪಲಿ ಕಾಲಲ್ಲಿ ಬೆಡ್‌ಶೀಟ್ ತುಳೀತಿದೀಯಲ್ಲ, ನಿಮ್ಮಪ್ಪ ಬಂದು ಒಗೀತಾನಾ?"

"ನಮ್ಮಪ್ಪ ಸತ್ತೋದ. ನಾನೇ ಒಗೆದು ಕೊಡ್ತೀನಿ ಬಿಡೇ!"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಕೂಗಿದವಳೂ ನಕ್ಕಳು. ಐವತ್ತೈದು ಇರಬಹುದು, ಮೊಣಕಾಲವರೆಗೆ ಎತ್ತಿ ಕಟ್ಟಿದ ಸೀರೆ. ಕೇರಿಯವರು ಅವಳನ್ನು ಸೈರನ್ ಅನ್ನುತ್ತಾರೆ. ಬೆಳಿಗ್ಗೆ ಐದಕ್ಕೆ ಅವಳು ಕೂಗಿದರೆ ಇಡೀ ಕೇರಿ ಏಳುತ್ತಂತೆ.

ಒಗೆದೆ. ನಿಜವಾಗಿ ಒಗೆದೆ. ಬ್ರಷ್ ಬಡಿದ ಕೈ, ಬಟ್ಟೆ ಬಡಿಯಲು ಕಷ್ಟವಾಗಲಿಲ್ಲ.

ಆಮೇಲೆ ಚಹಾ. ವಿಷಯ ಗೊತ್ತಾಯಿತು. ಪಾರಂಪರಿಕ ತಾಣಕ್ಕೆ ಮೊದಲು ಆಗಬೇಕಾದ್ದು ಇವರನ್ನು ಎಬ್ಬಿಸುವುದು. ಅರವತ್ತು ಮನೆ. ಮೆಟ್ಟಿಲಿಂದಲೂ ಹೋಗಬೇಕು, ಹಿಂದಿನ ಕೇರಿಯಿಂದಲೂ ಹೋಗಬೇಕು. ಕೋರ್ಟಿನಲ್ಲಿದೆ. 28ಕ್ಕೆ ವಿಚಾರಣೆ.

"ಇಲ್ಲೇ ಒಗೀತಾ ಇದ್ರಿ ಅನ್ನೋಕೆ ದಾಖಲೆ ಏನಿದೆ ಅಂತ ಕೇಳ್ತಾರೆ ಕಣೇ," ಅಂದಳು ಸೈರನ್. "ನಮ್ಮ ಕೈ ತೋರಿಸಿದ್ವಿ. ಅದು ದಾಖಲೆ ಅಲ್ವಂತೆ."

ಮಾರ್ಚ್ 5, ಬುಧವಾರ, ಮಧ್ಯಾಹ್ನ

ಈಗಲೇ ಬರೆದುಬಿಡಬೇಕು.

ಅವ್ವ ಕಲ್ಲು ಹೊತ್ತವಳು ಅಂತ ಮಾತಿನ ನಡುವೆ ಬಂತು. ಸೈರನ್ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. ಕೆಳಗಿನಿಂದ ಏಳನೇ ಮೆಟ್ಟಿಲು, ಎಡ ಮೂಲೆ. ಅಲ್ಲಿ ಅವಳದೇ ಒಗೆಯುವ ಕಲ್ಲು. ಸವೆದು ತಟ್ಟೆ ಹಾಗೆ ತಗ್ಗು ಬಿದ್ದಿದೆ.

"ಇದರ ಹೊಟ್ಟೇಲಿ ಅಕ್ಷರ ಇದೆ. ನಮ್ಮತ್ತೆಗೆ ಅವರತ್ತೆ ಹೇಳಿದ್ದು. ಯಾರೋ ಅಧಿಕಾರಿ ಕಿತ್ಕೊಂಡು ಹೋಗೋಕೆ ಬಂದಿದ್ದನಂತೆ. ಆಗ ಕೇರಿಯವರು ಕಲ್ಲನ್ನ ಬೋರಲು ಹಾಕಿ ಮೇಲೆ ಬಟ್ಟೆ ಒಗೆಯೋಕೆ ಶುರು ಮಾಡಿದ್ರು. ಒಗೆಯೋ ಕಲ್ಲು ಯಾರಿಗೆ ಬೇಕು? ಬಿಟ್ಟು ಹೋದ."

ನೂರು ವರ್ಷ! ಬೆನ್ನ ಮೇಲೆ ಬಟ್ಟೆ ಬಡಿಸಿಕೊಂಡು ಹೊಟ್ಟೆಯಲ್ಲಿ ಅಕ್ಷರ ಕಾಪಾಡಿದೆ ಕಲ್ಲು. ಇವರನ್ನು ಪರಂಪರೆ ಗೊತ್ತಿಲ್ಲದ ಜನ ಅಂತ ಬರೆದಿದ್ದಾರೆ ಯೋಜನೆಯ ಪುಸ್ತಕದಲ್ಲಿ.

ಅಂಚಿನ ಕೆಳಗೆ ಬೆರಳು ತೂರಿಸಿದೆ. ಮಣ್ಣು, ಪಾಚಿ, ಆಮೇಲೆ... ಗೀರು. ಒಂದು ಕೊಂಬು. ಒಂದು ಸೊನ್ನೆ. ಬೆರಳಿಗೆ ಮೋಸವಾಗುವುದಿಲ್ಲ.

ನಮ್ಮ ಕೆಲಸದಲ್ಲಿ ನಿಯಮ ಒಂದಿದೆ. ಕಲ್ಲು ಕದಲಿಸುವ ಮೊದಲು ನಾಲ್ಕೂ ಕಡೆ ಫೋಟೊ, ಅಳತೆ, ಸ್ಥಳದ ಶೀಟು, ಶೀಟಿನ ಮೇಲೆ ಅಧಿಕಾರಿಯ ಸಹಿ. ಅದಿಲ್ಲದೆ ಕದಲಿಸಿದ ಕಲ್ಲು ಅನಾಥ. ಅದರ ಮೇಲೆ ಏನೇ ಬರೆದಿರಲಿ, ಇದೇ ಜಾಗದ್ದು ಅಂತ ಯಾರೂ ಒಪ್ಪುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತದ್ದು.

ಮೇಷ್ಟ್ರಿಗೆ ಫೋನ್ ಮಾಡಿದೆ. ಉಸಿರು ಬಿಡದೆ ಹೇಳಿದೆ. ಅವರೂ ಉಸಿರು ಬಿಡಲಿಲ್ಲ.

"ಮಗುಚು ಮಗಳೇ."

"ಶೀಟು ಆಗಿಲ್ಲ ಮೇಷ್ಟ್ರೇ. ಸಹಿಗೆ ಅಧಿಕಾರಿ ಸೋಮವಾರ ಬರೋದು."

"ಶುಕ್ರವಾರ ಯೋಜನೆಯ ಸಮಿತಿ ಬಂದು ಕೂರುತ್ತೆ. ಅಷ್ಟರಲ್ಲಿ ಅಚ್ಚು ನನ್ನ ಕೈಲಿರಬೇಕು. ಇಲ್ಲದಿದ್ರೆ ಆ ಕಲ್ಲೇ ಮಾಯ ಆಗುತ್ತೆ. ಶೀಟು ನಾನು ಮಾಡಿಸ್ತೀನಿ. ನಾನಿಲ್ವಾ?"

ಅವರಿದ್ದಾರೆ. ಕಟ್ಟಡದ ಕೆಲಸದ ಜಾಗದಲ್ಲಿ ಸಂಜೆ ಶಾಲೆ ನಡೆಸಿದವರು. ಸಿಮೆಂಟು ಮೆತ್ತಿದ ನನ್ನ ಕೈಗೆ ಬಳಪ ಕೊಟ್ಟವರು. ಲಾಠಿ ಏಟು ತಿಂದು ಜೈಲಿಗೆ ಹೋದವರು. 'ಕಲ್ಲು ಹೊತ್ತವರ ಹೆಸರು ಎಲ್ಲಿ?' ಅಂತ ಮೆರವಣಿಗೆಯ ಮುಂದೆ ನಿಂತು ಕೂಗಿದವರು. ಅವರು ಹೇಳಿದ ಮೇಲೆ ಶೀಟು ಯಾವ ಮೂಲೆಗೆ!

ಸೈರನ್ ಒಪ್ಪಲಿಲ್ಲ. ಕೇರಿಯ ಹಿರಿಯರೂ ಒಪ್ಪಲಿಲ್ಲ. "ಬೋರಲೇ ಇರಲಿ," ಅಂದರು. ಎರಡು ಗಂಟೆ ಮಾತಾಡಿದೆ. ಕೊನೆಗೆ ಸೈರನ್ ಕೇಳಿದಳು, "ನೀನು ಹೇಳ್ತಿದೀಯ ಅಂತ ಮಗುಚಬಹುದಾ?"

"ಮಗುಚಿ," ಅಂದೆ.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಆರು. ಹನ್ನೊಂದು ಜನ, ನಾಲ್ಕು ಹಾರೆ, ಒದ್ದೆ ಬೆಡ್‌ಶೀಟ್ ತಿರುಚಿ ಮಾಡಿದ ಹಗ್ಗ. ಐಸಾ ಅಂತ ಸೈರನ್ ಕೂಗಿದರೆ ಆಚೆ ದಡದ ಹಕ್ಕಿಗಳೆಲ್ಲ ಎದ್ದವು. ಕಲ್ಲು ಒಮ್ಮೆ ಎದ್ದು ನಿಂತಿತು. ನಿಧಾನಕ್ಕೆ ಮಲಗಿತು, ಮುಖ ಮೇಲೆ ಮಾಡಿ.

ಹದಿಮೂರು ಸಾಲು. ನಿನ್ನೆ ಕೆತ್ತಿದ ಹಾಗೆ.

ಎರಡು ಅಚ್ಚು ತೆಗೆದೆ. ಇಷ್ಟು ಚೆಂದದ ಅಚ್ಚು ಈ ಕೈಯಿಂದ ಹಿಂದೆ ಬಂದಿಲ್ಲ. ಅಚ್ಚು ತೆಗೆಯುವವಳು ಶಾಸನ ಓದುವಂತಿಲ್ಲ, ಅದು ವಿದ್ವಾಂಸರ ಕೆಲಸ. ಹಾಳಾಗಲಿ. ಓದಿದೆ. ಗಟ್ಟಿಯಾಗಿ ಓದಿ ಹೇಳಿದೆ.

ಮೊದಲ ಏಳು ಸಾಲು: ಮೆಟ್ಟಿಲು ಕಟ್ಟಿದವರ ಹೆಸರು. ರಾಜನದಲ್ಲ! ಕಲ್ಲು ಒಡೆದವನು, ಹೊತ್ತವಳು, ಗಾರೆ ಅರೆದವಳು, ಕೆಲಸದವರ ಬಟ್ಟೆ ಒಗೆದವರು. ಒಟ್ಟು ನಲವತ್ತೊಂದು ಹೆಸರು. ಆಮೇಲೆ ಆರು ಸಾಲು: ಇವರೂ ಇವರ ಸಂತಾನವೂ ಇರುವ ತನಕ ಈ ಏಳು ಮೆಟ್ಟಿಲು, ಈ ನೀರು, ಹಿಂದಿನ ನೆಲ ಇವರದು. ಅಡ್ಡ ಬಂದವನು ಹೊಳೆಗೇ ದ್ರೋಹಿ.

ಒಬ್ಬ ಮುದುಕ, "ಇನ್ನೊಂದ್ಸಲ ಓದವ್ವಾ" ಅಂದ. ಓದಿದೆ. ಆರು ಸಲ ಓದಿಸಿದರು.

ಅವರ ವಕೀಲಮ್ಮ ಓಡಿ ಬಂದರು, ಕರಿ ಕೋಟು ಹೆಗಲ ಮೇಲೆ ಹಾಕಿಕೊಂಡು. "ಇದು ಇದೇ ಜಾಗದಲ್ಲಿತ್ತು ಅಂತ ಒಂದು ಕಾಗದ ಸಿಕ್ಕರೆ ಸಾಕು. ಕೇಸು ಗೆದ್ದ ಹಾಗೇ."

"ನಾಳೆ ಸಿಗುತ್ತೆ," ಅಂದೆ. ಎದೆ ತಟ್ಟಿಕೊಂಡು ಅಂದೆ.

ಮಾರ್ಚ್ 7, ಶುಕ್ರವಾರ

ಮೇಷ್ಟ್ರು ಬಂದರು. ತಲೆ ಪೂರ್ತಿ ಬೆಳ್ಳಗಾಗಿದೆ. ಅದೇ ಜೋಳಿಗೆ ಚೀಲ. ಕಾರು ಮಾತ್ರ ಹೊಸದು, ಸಮಿತಿಯದು. ಮೆಟ್ಟಿಲ ಮೇಲೆ ಕೂತು ಅಚ್ಚು ನೋಡಿದರು. ಕಣ್ಣೊರೆಸಿಕೊಂಡರು. ನಿಜವಾದ ಕಣ್ಣೀರು.

ಎರಡೂ ಅಚ್ಚು ತೆಗೆದುಕೊಂಡರು. ಶೀಟಿನ ವಿಷಯ ಕೇಳಿದೆ. "ಆಗುತ್ತೆ, ಆಗುತ್ತೆ."

ಕೇರಿಯವರಿಗೆ ಕೈ ಮುಗಿದರು. "ಅಕ್ಷರ ಸವೀಬಾರದು. ಹತ್ತು ದಿನ ಈ ಕಡೆ ಒಗೀಬೇಡಿ ತಾಯಂದಿರಾ. ಸುತ್ತ ಒಂದು ಹಗ್ಗ ಕಟ್ಟಿಸ್ತೀನಿ."

ಸೈರನ್ ನನ್ನ ಮುಖ ನೋಡಿದಳು. ತಲೆಯಾಡಿಸಿದೆ. ಏಳೂ ಮೆಟ್ಟಿಲು ಬಿಟ್ಟುಕೊಟ್ಟರು. ಬಟ್ಟೆ ಗಂಟುಗಳನ್ನು ಅರ್ಧ ಮೈಲಿ ದೂರದ ಕೆಸರು ದಡಕ್ಕೆ ಹೊತ್ತರು. ನಗುತ್ತಾ ಹೊತ್ತರು.

ಮಾರ್ಚ್ 8, ಶನಿವಾರ

ಕ್ರೇನ್ ಬಂತು. ಸುರಕ್ಷತೆಗಾಗಿ ಅಂತೆ. ಕಲ್ಲನ್ನು ಲಾರಿಗೆ ಹಾಕಿದರು. ಮೇಷ್ಟ್ರಿಗೆ ನಾಲ್ಕು ಸಲ ಫೋನ್ ಮಾಡಿದೆ. ಮೀಟಿಂಗ್‌ನಲ್ಲಿದ್ದಾರೆ.

ನನ್ನನ್ನು ಹಳೇ ಕೋಟೆ ಕಡೆಗೆ ಹಾಕಿದ್ದಾರೆ. ಇವತ್ತೇ ಹೊರಡಬೇಕು. ಇಷ್ಟು ಅವಸರ ಯಾಕೋ.

ಮಾರ್ಚ್ 17, ಸೋಮವಾರ

ವಾಪಸ್ ಬಂದೆ. ಅದೇ ಲಾಡ್ಜು, ಬೇರೆ ರೂಮು.

ವಕೀಲಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಕೈಗೆ ಒಂದು ಹಾಳೆ ಕೊಟ್ಟರು. ಕೋರ್ಟಿಗೆ ಸಲ್ಲಿಸಿದ ವರದಿ. ಕೆಳಗೆ ಮೇಷ್ಟ್ರ ಸಹಿ, ಬಳ್ಳಿ ಹಬ್ಬಿಸಿದಂಥ ಅದೇ ಸಹಿ. ಪದಕ್ಕೆ ಪದ ಇಳಿಸುತ್ತೇನೆ, ಮುಂದೆಂದಾದರೂ ನಾನೇ ನಂಬದೆ ಹೋದೇನು.

'ಸದರಿ ಶಿಲೆಯು ಬಿಡಿಯಾಗಿ ದೊರೆತಿದ್ದು, ಅನಧಿಕೃತ ನಿವಾಸಿಗಳು ಅದನ್ನು ಮನಬಂದಂತೆ ಕದಲಿಸಿರುತ್ತಾರೆ. ಸ್ಥಳದ ದಾಖಲೆ ಇರುವುದಿಲ್ಲ. ಶಿಲೆಯ ಮೂಲ ಸ್ಥಾನ ತಿಳಿಯದು. ಸದರಿ ಮೆಟ್ಟಿಲುಗಳಿಗೆ ಇದನ್ನು ಸಂಬಂಧಿಸಲಾಗದು. ಮೆಟ್ಟಿಲುಗಳನ್ನು ನಿವಾಸಿಗಳು ಸ್ವಇಚ್ಛೆಯಿಂದ ತೆರವು ಮಾಡಿರುವುದು ಕಂಡುಬಂದಿದೆ.'

ಮನಬಂದಂತೆ! ಸ್ವಇಚ್ಛೆಯಿಂದ! ಅವತ್ತು ಅಚ್ಚು ನೋಡಿ ಬಂದ ಕಣ್ಣೀರು ನಾಟಕ ಅಲ್ಲ, ಅದೇ ನನಗೆ ಬಿಡಿಸಲಾಗದ ಗಂಟು.

ಆ ಜಾಗಕ್ಕೆ ಓಡಿದೆ. ಕಲ್ಲು ಕೂತಿದ್ದ ಗುಂಡಿಗೆ ಸಿಮೆಂಟು ತುಂಬಿದ್ದಾರೆ. ನುಣ್ಣಗೆ. ಕೆಲಸ ಚೆನ್ನಾಗಿ ಮಾಡಿದ್ದಾರೆ ನನ್ನ ಮಕ್ಕಳು.

ಮಾರ್ಚ್ 18, ಮಂಗಳವಾರ, ಸಂಜೆ

ಹೊಸ ಪ್ರದರ್ಶನ ಭವನ. ಇನ್ನೂ ಬಣ್ಣದ ವಾಸನೆ. ನಡು ಹಾಲ್‌ನಲ್ಲಿ ಕಲ್ಲು, ಮೇಲಿಂದ ಮೂರು ದೀಪ, ಸುತ್ತ ಗಾಜು. ಪಕ್ಕದ ಬೋರ್ಡಿನಲ್ಲಿ ನಲವತ್ತೊಂದು ಹೆಸರು ಬಂಗಾರದ ಬಣ್ಣದಲ್ಲಿ. ತಲೆಬರಹ: 'ಶ್ರಮಕ್ಕೆ ನಮನ'. ಕೊನೆಯ ಆರು ಸಾಲು ಇಲ್ಲ. ಹದಿಮೂರು ಸಾಲಿನ ಶಾಸನ ಬೋರ್ಡಿಗೆ ಬರುವಷ್ಟರಲ್ಲಿ ಏಳಾಗಿದೆ. ಸತ್ತವರಿಗೆ ನಮನ, ಬದುಕಿರುವವರಿಗೆ ನೋಟಿಸು.

ಮೇಷ್ಟ್ರ ರೂಮು ಮಹಡಿಯಲ್ಲಿ. ಕುರ್ಚಿ ತೋರಿಸಿದರು. ಕೂರಲಿಲ್ಲ.

"ಮಗುಚು ಅಂದೋರು ನೀವು."

"ಮೆಲ್ಲಗೆ ಮಾತಾಡು ಮಗಳೇ."

"ಮೆಲ್ಲಗೆ ಮಾತಾಡೋಕೆ ನೀವು ಕಲಿಸ್ಲಿಲ್ಲ. ಮಗುಚು ಅಂದೋರು ಯಾರು?"

ಕನ್ನಡಕ ತೆಗೆದು ಒರೆಸಿದರು. ಸಭೆಯಲ್ಲಿ ಕಷ್ಟದ ಪ್ರಶ್ನೆ ಬಂದಾಗ ಹಿಂದೆಯೂ ಹೀಗೇ ಮಾಡುತ್ತಿದ್ದರು.

"ನೋಡು, ಯೋಜನೆ ನಿಲ್ಲೋದಿಲ್ಲ. ನಾನು ಸಹಿ ಹಾಕದಿದ್ರೆ ಇನ್ನೊಬ್ಬ ಹಾಕ್ತಾನೆ. ಅವನು ಕಲ್ಲನ್ನ ಜಲ್ಲಿ ಮಾಡಿಸ್ತಿದ್ದ. ನಾನು ಉಳಿಸ್ದೆ. ಹೊತ್ತವರ ಹೆಸರು ಗಾಜಿನೊಳಗಿದೆ. ನಮ್ಮ ಚಳವಳಿ ಕೇಳಿದ್ದು ಇದನ್ನೇ ಅಲ್ವಾ?"

"ಹೆಸರು ಕೇಳಿದ್ವಿ. ಹೆಸರಿನವರನ್ನ ಕೊಟ್ಟು ಹೆಸರು ತಗೊಳ್ಳಿ ಅನ್ನಲಿಲ್ಲ."

"ಅವರಿಗೆ ಊರಾಚೆ ಮನೆ ಕೊಡ್ತಾರೆ. ನಲ್ಲಿ ನೀರು ವಾರಕ್ಕೆರಡು ಸಲ ಬರುತ್ತೆ."

"ಒಗೆಯೋರಿಗೆ ವಾರಕ್ಕೆರಡು ಸಲ ನೀರು! ಮೇಷ್ಟ್ರೇ, ಬಾಯಿಂದ ಹೊರಗೆ ಹೋದ ಮಾತು ನಿಮ್ಮ ಕಿವಿಗೆ ಬೀಳುತ್ತಾ?"

ಎದ್ದು ಬಂದು ಹೆಗಲ ಮೇಲೆ ಕೈ ಇಟ್ಟರು. ಮೊದಲಿನ ಹಾಗೇ ಹಗುರವಾಗಿ.

"ಅನುಮತಿ ಇಲ್ಲದೆ ಪುರಾತನ ವಸ್ತು ಕದಲಿಸೋದು ಜೈಲಿಗೆ ಹಾಕೋ ಅಪರಾಧ. ವರದೀಲಿ 'ನಿವಾಸಿಗಳು' ಅಂತ ಬರೆದೆ. ನಿನ್ನ ಹೆಸರು ಬರದ ಹಾಗೆ ನೋಡ್ಕೊಂಡೆ. ನಿನಗೋಸ್ಕರ."

ನನಗೋಸ್ಕರ. ಅರವತ್ತು ಮನೆಯ ಕತ್ತು ಕೊಯ್ದ ಚಾಕುವಿನ ಹಿಡಿಗೆ ನನ್ನ ಹೆಸರಿಟ್ಟರು. ಉಪಕಾರ ಅಂತ ಬೇರೆ.

ಕೈ ಸರಿಸಿದೆ. ಬೈಯಬೇಕು ಅಂತ ಹೋದವಳು. ಬೈಗುಳವೂ ಅವರೇ ಕಲಿಸಿದ್ದು ಅನ್ನಿಸಿ ಮೆಟ್ಟಿಲಿಳಿದು ಬಂದೆ.

ಮಾರ್ಚ್ 19, ಬುಧವಾರ

ಕೇರಿಗೆ ಹೋದೆ. ಉಗಿಯಲಿ, ಹೊಡೆಯಲಿ ಅಂತಲೇ ಹೋದೆ.

ಸೈರನ್ ಒಳಗಿಂದ ಪ್ಲಾಸ್ಟಿಕ್ ಕುರ್ಚಿ ತಂದಳು. ಸೆರಗಿನಿಂದ ಒರೆಸಿದಳು.

"ಕೂತ್ಕೊಳ್ಳಿ ಮೇಡಂ."

ಮೇಡಂ. ಎರಡು ವಾರದ ಕೆಳಗೆ ಇದೇ ಬಾಯಿ 'ಕಣೇ' ಅಂದಿತ್ತು.

"ಬೈಯೇ. ದಮ್ಮಯ್ಯ, ಬೈದುಬಿಡು."

"ನಿಮಗ್ಯಾಕೆ ಬೈಯೋದು ಮೇಡಂ. ನೀವು ಆಫೀಸಿನೋರು. ನೂರು ವರ್ಷ ಬೋರಲಿದ್ದದ್ದನ್ನ ನಾನು ಎತ್ತಿಸ್ದೆ. ನಮ್ಮತ್ತೆ ಇದ್ದಿದ್ರೆ ನನ್ನ ಕೈ ಮುರೀತಿದ್ಲು." ದನಿ ಏರಲೇ ಇಲ್ಲ. ಆ ಗಂಟಲಿಗೆ ಇಷ್ಟು ಸಣ್ಣ ದನಿ ಇದೆ ಅಂತ ನನಗೆ ಗೊತ್ತಿರಲಿಲ್ಲ. "ಕೆಸರು ದಡದಲ್ಲಿ ಒಗೆದ ಶೀಟು ಹಳದಿ ಆಗ್ತಿದೆ. ಆರು ಲಾಡ್ಜಿನೋರು ಬಟ್ಟೆ ಕೊಡೋದು ನಿಲ್ಲಿಸಿದ್ರು. ನಿಮಗೆ ಚಹಾ ಮಾಡ್ಲಾ?"

ಮುದುಕ ಗೋಡೆಗೆ ಒರಗಿದ್ದ. ಮತ್ತೆ ಓದು ಅನ್ನಲಿಲ್ಲ.

ಮೇಷ್ಟ್ರು ನನಗೆ ಮಾಡಿದ್ದು ದ್ರೋಹ. ಸರಿ. ಇವರಿಗೆ ಮಾಡಿದ್ದು ಯಾರು? ಕಲ್ಲು ಎತ್ತುವಾಗ ಇವರು ಮೇಷ್ಟ್ರ ಮುಖವನ್ನೇ ನೋಡಿರಲಿಲ್ಲ. ನನ್ನ ಮುಖ ನೋಡಿ ಹಾರೆ ಹಾಕಿದರು.

ಮಾರ್ಚ್ 23, ಭಾನುವಾರ

ವಕೀಲಮ್ಮನ ಆಫೀಸು. ಕಡತ, ಧೂಳು, ತಿರುಗದ ಫ್ಯಾನು. ಅಚ್ಚು ಎರಡೂ ಮೇಷ್ಟ್ರ ಹತ್ತಿರ. ಗುಂಡಿಗೆ ಸಿಮೆಂಟು. ಶೀಟಿಲ್ಲ, ಫೋಟೊ ಇಲ್ಲ. ಕೇರಿಯವರ ಮಾತು ಸ್ವಾರ್ಥದ ಮಾತು, ನಡೆಯುವುದಿಲ್ಲ. ಉಳಿದದ್ದು ಒಂದೇ ಸಾಕ್ಷಿ.

"ಇಲಾಖೆಯವಳೇ ಬಂದು, ಕಲ್ಲು ಇಲ್ಲಿತ್ತು, ಹೀಗಿತ್ತು, ನಾನೇ ಮಗುಚಿಸಿದೆ ಅಂದರೆ ವರದಿ ಅಲ್ಲಾಡುತ್ತೆ. ಬೀಳುತ್ತೆ ಅಂತ ಹೇಳಲಾರೆ. ಅಲ್ಲಾಡುತ್ತೆ. ನಿಮ್ಮ ಮೇಲೆ ಮಾತ್ರ ಕೇಸು ಖಂಡಿತ. ಕೆಲಸವೂ ಹೋಗುತ್ತೆ."

"ಮೇಷ್ಟ್ರು ಫೋನಲ್ಲಿ ಹೇಳಿದ್ದು?"

"ಫೋನ್ ಮಾಡಿದ್ದಕ್ಕೆ ದಾಖಲೆ ಸಿಗುತ್ತೆ. ಏನು ಮಾತಾಡಿದ್ರಿ ಅನ್ನೋದಕ್ಕೆ ನೀವಿಬ್ಬರೇ. ಅವರು ಇಲ್ಲ ಅಂತಾರೆ. ದೊಡ್ಡ ಮನುಷ್ಯರ ಮೇಲೆ ಗೂಬೆ ಕೂರಿಸ್ತಿದೀಯ ಅಂತಾರೆ."

ಯೋಚಿಸಿ ಹೇಳುತ್ತೇನೆ ಅಂದೆ. ನಾಚಿಕೆಯಾಯಿತು. ಕಲ್ಲು ಮಗುಚಿ ಅನ್ನುವಾಗ ಯೋಚಿಸಿದ್ದೆನಾ?

ಮಾರ್ಚ್ 26, ಬುಧವಾರ

ಸಾಕ್ಷಿ ಹೇಳುತ್ತೇನೆ ಅಂತ ವಕೀಲಮ್ಮನಿಗೆ ತಿಳಿಸಿದೆ. ಅವರು ಕೋರ್ಟಿಗೆ ನನ್ನ ಹೆಸರು ಕೊಟ್ಟ ಅರ್ಧ ಗಂಟೆಗೆ ಮೇಷ್ಟ್ರ ಫೋನು. ಎತ್ತಲಿಲ್ಲ. ಏಳು ಸಲ ಬಂತು. ಎಂಟನೇ ಸಲ ಎತ್ತಬೇಕು ಅನ್ನಿಸಿತು. ಬರಲಿಲ್ಲ.

ಮಾರ್ಚ್ 28, ಶುಕ್ರವಾರ, 10.40

ಕೋರ್ಟಿನ ಕಾರಿಡಾರು. ಎದುರು ಬೆಂಚಿನಲ್ಲಿ ಕೇರಿಯವರು. ಎಲ್ಲರೂ ಬಿಳಿ ಬಟ್ಟೆ, ಇಸ್ತ್ರಿ ಮಾಡಿದ್ದು. ಸೈರನ್ ನನ್ನ ಕಡೆ ನೋಡುತ್ತಿಲ್ಲ. ಬರುತ್ತೇನೆ ಅಂತ ನಂಬಿರಲಿಲ್ಲವೇನೋ. ಹೇಳುತ್ತೇನೆ ಅಂತ ಈಗಲೂ ನಂಬಿಲ್ಲ.

11.05

ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರು. ನೀರಿನ ಬಾಟಲಿ ಚಾಚಿದರು. ತೆಗೆದುಕೊಳ್ಳಲಿಲ್ಲ.

"ನನ್ನ ಹೆಸರು ಹೇಳ್ತೀಯಾ?"

"ಕೇಳಿದ್ರೆ ಹೇಳ್ತೀನಿ."

"ನಲವತ್ತು ವರ್ಷದ ಕೆಲಸ ಮಗಳೇ. ಒಂದೇ ಮಾತಲ್ಲಿ ಹೋಗುತ್ತೆ. ಹುಡುಗರು ನಂಬೋಕೆ ಯಾರೂ ಉಳಿಯಲ್ಲ. ಚಳವಳಿ ನೋಡಿ ನಗ್ತಾರೆ ಎಲ್ರೂ."

ಅದು ನಿಜ. ನಿಜ ಅನ್ನುವುದೇ ಸಂಕಟ. ಪೆನ್ನು ಹಿಡಿದು ಬರೆಯುತ್ತಿರುವ ಈ ಕೈ ಅವರು ತಿದ್ದಿಸಿದ ಕೈ.

"ನೀವು ಹೇಳಿ ಮೇಷ್ಟ್ರೇ. ಒಳಗೆ ಹೋಗಿ ನೀವೇ ಹೇಳಿಬಿಡಿ. ನಾನು ಹೆಸರೆತ್ತೋದೇ ಬೇಡ. ಈಗಲೂ ಟೈಮಿದೆ."

ಎದ್ದರು. ಒಳಗೆ ಹೋಗುತ್ತಾರೆ ಅಂದುಕೊಂಡೆ. ದೇವರಾಣೆ ಅಂದುಕೊಂಡೆ, ದೇವರನ್ನು ನಂಬದವಳು. ಬಾಗಿಲವರೆಗೂ ಹೋದರು. ಸಮಿತಿಯ ವಕೀಲ ಏನೋ ಕಿವಿಯಲ್ಲಿ ಹೇಳಿದ. ಅವನ ಪಕ್ಕದಲ್ಲೇ ಕೂತರು.

11.30

ವಕೀಲಮ್ಮ ಹೇಳಿಕೊಟ್ಟದ್ದು: ಮೊದಲು ಕೆಲಸ ಏನು ಅಂತ ಕೇಳುತ್ತಾರೆ. ಆಮೇಲೆ ಕಲ್ಲು ಎಲ್ಲಿತ್ತು. ಆಮೇಲೆ ಕದಲಿಸಿದ್ದು ಯಾರು. ಆಮೇಲೆ, ಯಾರ ಮಾತಿನ ಮೇಲೆ. ಕೇಳಿದ್ದಕ್ಕಷ್ಟೇ ಉತ್ತರ, ಭಾಷಣ ಬೇಡ.

ಅಚ್ಚು ತೆಗೆಯುವವಳು. ಕೆಳಗಿನಿಂದ ಏಳನೇ ಮೆಟ್ಟಿಲು, ಎಡ ಮೂಲೆ, ಬೋರಲು. ಕದಲಿಸಿದ್ದು ಕೇರಿಯವರಲ್ಲ, ನಾನು.

ಒಳಗಿಂದ ನನ್ನ ಹೆಸರು ಕೂಗಿದರು. ಸೈರನ್ ತಲೆ ಎತ್ತಿದಳು.

ಯಾರ ಮಾತಿನ ಮೇಲೆ ಅಂದರೆ —